ಮಾನಿಟರ್ ಇಲ್ಲದ ಮೇಜು

ಗ್ಯಾಸ್ ಏಜೆನ್ಸಿಗೆ ಹೊಸ ಸಾಫ್ಟ್‌ವೇರ್ ಬಂದ ದಿನ, ಕಣ್ಣು ಕಾಣದ ವಾರಿಜಾಳ ಸಿಲಿಂಡರ್ ಬುಕಿಂಗ್ ಕೆಲಸ ನಿಂತುಹೋಯಿತು. ಪರದೆಯಲ್ಲಿರುವುದನ್ನೆಲ್ಲ ಅವಳಿಗೆ ಓದಿ ಹೇಳುತ್ತಿದ್ದ ಸ್ಕ್ರೀನ್ ರೀಡರ್ ಈಗ ಎಲ್ಲಿ ಹೋದರೂ "ಬಟನ್, ಬಟನ್" ಎಂದಷ್ಟೇ ಹೇಳುತ್ತಿತ್ತು.

"ಬುಕಿಂಗ್ ಬೇರೆಯವರು ನೋಡ್ಕೋತಾರೆ. ನೀವು ಫೋನ್ ಎತ್ತಿ, ಸಾಕು," ಎಂದರು ಮ್ಯಾನೇಜರ್. ಅವಳ ಮಾನಿಟರನ್ನೂ ಎತ್ತಿಸಿದರು. "ನಿಮಗ್ಯಾಕ್ರೀ ಇದು?"

ವಾರಿಜಾ ಹಗಲೆಲ್ಲ ಫೋನ್ ಎತ್ತಿದಳು. ಮನೆಗೆ ಹೋಗಿ, ಯಾವ ಬಟನ್ ಯಾವುದೆಂದು ಸ್ಕ್ರೀನ್ ರೀಡರಿಗೆ ತಿಳಿಸುವ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಬರೆಯುವುದನ್ನು ಕಲಿತಳು. ಒಂದು ಕಾಮಾ ಬಿಟ್ಟುಹೋದರೂ ಎಲ್ಲ ಕೆಟ್ಟು ಕೂರುತ್ತಿತ್ತು. ಬೈದುಕೊಂಡೇ ಮತ್ತೆ ಬರೆದಳು. ಕೊನೆಗೊಮ್ಮೆ ಆಫೀಸಿನ ಕಂಪ್ಯೂಟರಿನಲ್ಲಿ ಒಂದೊಂದು ಬಟನ್ನೂ ತನ್ನ ಹೆಸರು ಹೇಳಿತು. ಒಂದು ಕೀ ಒತ್ತಿದರೆ ಸಾಕು, ಬುಕಿಂಗ್ ತಾನಾಗಿ ಮುಗಿಯುತ್ತಿತ್ತು.

"ಸರ್, ನನ್ನ ಕೆಲಸ ನನಗೆ ವಾಪಸ್ ಕೊಡಿ."

"ಬಾಯಲ್ಲಿ ಹೇಳಿದ್ರೆ ಆಯ್ತಾ? ಮಾಡಿ ತೋರಿಸಿ."

ಅವಳ ಬೆರಳುಗಳು ಕೀಬೋರ್ಡಿನ ಮೇಲೆ ಓಡಿದವು. ಮ್ಯಾನೇಜರ್ ಮೇಜಿನ ಮೇಲೆ ಮಾನಿಟರ್ ಇದ್ದ ಖಾಲಿ ಜಾಗವನ್ನೇ ನೋಡಿದರು.

"ನೀವೇನು ಮಾಡ್ತಿದೀರೋ ನನಗೆ ಹೇಗ್ರೀ ಗೊತ್ತಾಗ್ಬೇಕು? ಮಾನಿಟರೇ ಇಲ್ವಲ್ಲ!"

"ತೆಗೆಸಿದ್ದು ನೀವೇ. ತಗೊಳ್ಳಿ, ಕೇಳಿಸ್ಕೊಳ್ಳಿ," ಎಂದು ಅವಳು ಹೆಡ್‌ಫೋನ್ ಚಾಚಿದಳು.

ಅವಳು ದಿನವೂ ಕೇಳುವ ವೇಗದಲ್ಲಿ ದನಿ ಗಡಗಡನೆ ಓದುತ್ತಾ ಹೋಯಿತು. ಮ್ಯಾನೇಜರ್ ಹೆಡ್‌ಫೋನ್ ಕಿತ್ತು ಕೆಳಗಿಟ್ಟರು.

"ಇದೇನ್ರೀ ಇದು, ಒಂದಕ್ಷರಾನೂ ಅರ್ಥ ಆಗ್ತಿಲ್ಲ!"

ಅಷ್ಟರಲ್ಲಿ ಮೇಜಿನ ಮೇಲಿನ ಫೋನ್ ರಿಂಗಾಯಿತು. ವಾರಿಜಾ ಅದನ್ನು ಅವರ ಕಡೆಗೆ ಸರಿಸಿದಳು.

"ನೀವು ಫೋನ್ ಎತ್ತಿ ಸರ್, ಸಾಕು. ಬುಕಿಂಗ್ ನಾನು ನೋಡ್ಕೋತೀನಿ."