ಹಗರೆಯ ತಿರುವಿನಲ್ಲಿ ಒಂದು ಹಾರ್ನ್

"ಹೊಡಿ. ಎರಡು ಉದ್ದ, ಒಂದು ಗಿಡ್ಡ."

ಸಮ್ಯಕ್ ಹಾರ್ನ್ ಹೊಡೆದ. ಹಗರೆಯ ತಿರುವಿನ ಹೆಂಚಿನ ಮನೆಯಿಂದ ಒಬ್ಬ ಹೆಂಗಸು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು. ಲಾರಿ ಕಂಡದ್ದೇ ನಕ್ಕು ಕೈ ಬೀಸಿದಳು.

"ನೀನೂ ಬೀಸು. ನಿಲ್ಲಿಸಬ್ಯಾಡ," ಎಂದ ಮರುಳಪ್ಪ ಎಡಗಡೆಯ ಸೀಟಿನಲ್ಲಿ ತಗ್ಗಿ ಕೂತ. ಮನೆ ಹಿಂದೆ ಸರಿಯುವವರೆಗೂ ತಲೆ ಎತ್ತಲಿಲ್ಲ.

ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ಎಂದುಕೊಂಡ ಸಮ್ಯಕ್. ಬಾಣಾವರದಲ್ಲಿ ಇವನ ಹೆಂಡತಿ ಸುಮಿತ್ರಮ್ಮ ಇಬ್ಬರಿಗೂ ಬುತ್ತಿ ಕಟ್ಟಿ ಕಳಿಸಿದ್ದಾಳೆ. ಈ ಮನುಷ್ಯನಿಗೆ ಹಗರೆಯಲ್ಲಿ ಇನ್ನೊಂದು ಒಲೆ.

ಸಮ್ಯಕ್‌ಗೆ ಹೆವಿ ಲೈಸೆನ್ಸ್ ಸಿಕ್ಕಿ ತಿಂಗಳಾಗಿರಲಿಲ್ಲ. ಬೇಲೂರಿನಲ್ಲಿ ಶುಂಠಿ ತುಂಬಿ, ಹಳೇಬೀಡು, ಅರಸೀಕೆರೆ ಹಾದು ದೆಹಲಿಗೆ. ಇದೇ ಅವನ ಮೊದಲ ದೂರದ ಓಟ. ತಾಯಿ ಮಂಜುಳಾ ಶಾಲೆಯ ಟೀಚರ್. ಇಷ್ಟು ಓದಿಸಿದ್ದು ಸ್ಟೇರಿಂಗ್ ಹಿಡಿಯುವುದಕ್ಕಾ ಎಂದು ಅತ್ತಿದ್ದಳು. ಲಾರಿಯ ಹುಚ್ಚು ಹಿಡಿದವನ ಕಿವಿಗೆ ಅದೆಲ್ಲ ಬೀಳುತ್ತದೆಯೇ? ಹೊಸಬನಿಗೆ ಗಾಡಿ ಕೊಡಲು ಒಪ್ಪಿದವನು ಮರುಳಪ್ಪನೊಬ್ಬನೇ.

ಕೊಟ್ಟನೇನೋ ನಿಜ, ಆದರೆ ನಿದ್ದೆ ಮಾಡಲಿಲ್ಲ. ಆ ಕಡೆಯ ಲಾರಿಯವರಲ್ಲಿ ಒಂದು ಪದ್ಧತಿ. ಮೊದಲ ಓಟದಲ್ಲಿ ಗುರು ಸ್ಟೇರಿಂಗ್ ಬಿಟ್ಟುಕೊಟ್ಟು, ಪಕ್ಕದಲ್ಲೇ ಕಾಲು ಚಾಚಿ ಒಂದು ನಿದ್ದೆ ತೆಗೆಯುತ್ತಾನೆ. ನಿನ್ನನ್ನು ನಂಬಿದೆ ಎಂದು ಹೇಳುವ ಬಗೆ ಅದು. ಗುರು ಗೊರಕೆ ಹೊಡೆದ ಮೇಲೆಯೇ ಶಿಷ್ಯ ಡ್ರೈವರ್. ಮರುಳಪ್ಪ ಮಾತ್ರ ಕಣ್ಣು ಕೆಂಪಾದರೂ ರೆಪ್ಪೆ ಮುಚ್ಚದೆ ರಸ್ತೆಯನ್ನೇ ನೋಡುತ್ತಿದ್ದ. ಸಮ್ಯಕ್‌ಗೆ ಅವಮಾನವಾಗಿತ್ತು. ಆ ಸಿಟ್ಟಿನಲ್ಲೇ, ಊಟಕ್ಕೆ ನಿಲ್ಲಿಸಿದಾಗ ಕೇಳಿಬಿಟ್ಟ.

"ಅಣ್ಣಾ, ಹಗರೆ ವಿಷಯ ಸುಮಿತ್ರಕ್ಕನಿಗೆ ಗೊತ್ತಾ?"

"ಗೊತ್ತೈತೆ. ಗೊತ್ತಿಲ್ದೇ ಇರೋದು ನಿಂಗೇ." ಮರುಳಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಅವ್ರು ಮಹದೇವಮ್ಮ ಅಂತ. ಅವ್ರ ಮಗ ಶರತ್ ನನ್ನ ಶಿಷ್ಯ. ಅದು ಅವನ ಹಾರ್ನು. ನನ್ ಜತೆ ಕಲಿಯೋವಾಗ ಮನೆ ಮುಂದೆ ಹಾದ್ರೆ ಅವ್ವಂಗೆ ಅಂತ ಹಂಗೇ ಹೊಡೀತಿದ್ದ."

ಉಳಿದದ್ದನ್ನು ಅವನು ನೆಲ ನೋಡಿಕೊಂಡು ಹೇಳಿದ. ಶರತ್‌ನ ಮೊದಲ ಓಟ. ಮಟಮಟ ಮಧ್ಯಾಹ್ನ, ಹುಡುಗ ಚೆನ್ನಾಗಿಯೇ ಓಡಿಸುತ್ತಿದ್ದ. ಖುಷಿಯಾಗಲಿ ಎಂದು ಮರುಳಪ್ಪ ಪದ್ಧತಿಯಂತೆ ಕಾಲು ಚಾಚಿ ಮಲಗಿದ. ಎಚ್ಚರವಾದಾಗ ಲಾರಿ ರಸ್ತೆ ಬದಿ ನಿಂತಿದ್ದ ಟ್ಯಾಂಕರಿಗೆ ನುಗ್ಗಿತ್ತು. ಇವನಿಗೆ ಒಂದು ತರಚು ಗಾಯವೂ ಇಲ್ಲ. ಹುಡುಗ ಉಳಿಯಲಿಲ್ಲ.

ಆಮೇಲೆ ಮರುಳಪ್ಪ ಕುಡಿತಕ್ಕೆ ಬಿದ್ದ. ಒಂದು ದಿನ ಇನ್ನು ಬದುಕುವುದೇ ಬೇಡವೆಂದು ಒಬ್ಬನೇ ಲಾರಿ ಹತ್ತಿದ. ಹಗರೆ ದಾಟುವಾಗ ಕೈ ತಾನಾಗಿಯೇ ಶರತ್‌ನ ಹಾರ್ನ್ ಹೊಡೆಯಿತು. ಮಹದೇವಮ್ಮ ರಸ್ತೆಗೆ ಓಡಿ ಬಂದಳು. ಶರತಾ, ಉಂಡೇನ್ಲಾ ಎಂದು ಕೂಗಿ ಕೈ ಬೀಸಿದಳು.

"ದುಃಖಕ್ಕೆ ಬುದ್ಧಿ ಕೆಟ್ಟೋಗೈತೆ ಆ ತಾಯಿಗೆ. ಮಗ ಬದುಕವ್ನೆ, ಲಾರಿ ಓಡಿಸ್ಕಂಡು ಲೈನ್ ಮೇಲವ್ನೆ ಅನ್ಕಂಡವ್ರೆ. ಅವತ್ತೇ ಕುಡಿಯೋದು ಬಿಟ್ಟೆ. ನಾನು ಹೋದ್ರೆ ಹಾರ್ನ್ ಹೊಡಿಯೋರು ಯಾರು? ಮುಂದಿನ ಟ್ರಿಪ್ಪು ನೀನೊಬ್ನೇ ಹೋಗ್ತೀಯ. ಆ ಹಾರ್ನ್ ಮಾತ್ರ ಬಿಡಬ್ಯಾಡ ಕಣೋ."

ದೆಹಲಿಯವರೆಗೆ, ಮರಳಿ ಬರುವವರೆಗೆ, ಆ ಮಾತು ಸಮ್ಯಕ್‌ನನ್ನು ಬಿಡಲಿಲ್ಲ. ಸತ್ತವನ ಹಾರ್ನ್ ಹೊಡೆದು, ಸತ್ತವನಂತೆ ಕೈ ಬೀಸಿ, ಹೆತ್ತವಳಿಗೆ ಮೋಸ ಮಾಡುವುದೇ? ನಾಳೆ ತನ್ನ ತಾಯಿಗೆ ಯಾರಾದರೂ ಹೀಗೆ ಮಾಡಿದರೆ? ಲೋಡ್ ಇಲ್ಲದ ದಿನ ನೋಡಿ ಅರಸೀಕೆರೆಯಲ್ಲಿ ಹಗರೆಯ ಬಸ್ ಹತ್ತಿದ. ಸತ್ಯ ಹೇಳುವುದು, ಬೈದರೆ ಬೈಸಿಕೊಳ್ಳುವುದು ಎಂದು ನಿಶ್ಚಯಿಸಿದ್ದ.

ಮಹದೇವಮ್ಮ ಡೈರಿಗೆ ಹಾಲು ಹಾಕಿ ಆಗಷ್ಟೇ ಬಂದಿದ್ದಳು.

"ಮರುಳಪ್ಪಣ್ಣನ ಶಿಷ್ಯ ನಾನು," ಎಂದ.

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಒಳೀಕೆ ಬಾ. ಕಾಫಿ ಕುಡೀವಂತೆ."

ಸಮ್ಯಕ್ ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದ. ಎದುರಿನ ಗೋಡೆಯಲ್ಲಿ ಅವನದೇ ವಯಸ್ಸಿನ ಹುಡುಗನ ಫೋಟೋ. ಅದಕ್ಕೆ ಆ ದಿನವೇ ಕಟ್ಟಿದ ಸೇವಂತಿಗೆ ಹಾರ, ಮುಂದೆ ಉರಿಯುತ್ತಿರುವ ದೀಪ.

"ಅವ್ವಾ, ನಿಮಗೆ ಗೊತ್ತಾ?"

"ಈ ಕೈಯಾಗೇ ಮಣ್ಣು ಹಾಕಿದೀನಿ ಕಣಪ್ಪ. ಹೆತ್ತೋಳು ಮರೀತಾಳಾ?" ಅವಳು ಲೋಟ ಅವನ ಮುಂದಿಟ್ಟಳು. "ನಂಗೆ ಗೊತ್ತು ಅಂತ ಮರುಳಪ್ಪಂಗೆ ಮಾತ್ರ ಹೇಳಬ್ಯಾಡ. ಸುಮಿತ್ರಮ್ಮ ಒಂದ್ಸಲ ಬಂದು ಕಾಲು ಹಿಡ್ಕಂಡು ಅತ್ತೋದ್ಲು. ಈ ಹಾರ್ನ್ ಶುರುವಾದ ಮ್ಯಾಲೆ ಅವನು ಮತ್ತೆ ಊಟ ಮಾಡ್ತಾವ್ನಂತೆ, ಮನೇಲಿರ್ತಾನಂತೆ."

"ಆದ್ರೆ ಅವತ್ತು ನೀವು ಮಗನ ಹೆಸರು ಹಿಡಿದು ಕೂಗಿದ್ರಂತೆ?"

ಮಹದೇವಮ್ಮ ಫೋಟೋ ಕಡೆ ತಿರುಗಿದಳು. ಅವಳ ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ.

"ನನ್ನ ಮಗನ್ನ ತಿಂದೋನು ಅವನ ಹಾರ್ನ್ ಬ್ಯಾರೆ ಹೊಡೀತಾನಲ್ಲ ಅಂತ ಹಿಡಿ ಮಣ್ಣು ತೂರಿ ಶಾಪ ಹಾಕಕ್ಕೇ ಕೈ ಎತ್ತಿದ್ದು ಕಣಪ್ಪ, ಅವನ ಮುಖ ನೋಡಿದ್ರೆ ಸಾಯಕ್ಕೇ ಹೊರಟವ್ನೆ ಅನ್ನುಸ್ತು, ಶಾಪದ ಬದ್ಲು ಮಗನ ಹೆಸ್ರು ಕೂಗ್ದೆ, ಮಣ್ಣು ಕೆಳಿಕ್ಕೆ ಬಿಟ್ಬುಟ್ಟೆ."