ರಾಜೀನಾಮೆಯ ನೆರಳು

ಮುದ್ರಣಾಲಯದಲ್ಲಿ ಕರಡು ತಿದ್ದುವವಳು ರಾಜೀನಾಮೆ ಪತ್ರ ಹಿಡಿದು ಒಳಗೆ ಹೋದಾಗ, ಬೆಳಗ್ಗೆ ಒಂದು ತಪ್ಪಕ್ಷರಕ್ಕಾಗಿ ಎಲ್ಲರೆದುರು ಅವಳ ಮೇಲೆ ಹರಿಹಾಯ್ದಿದ್ದ ಮ್ಯಾನೇಜರು ಅದೇ ಪುಟದ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದರು. ಹಸಿ ಶಾಯಿಯ ಸಾಲುಗಳು ಕೆನ್ನೆಗೆ ತಿರುಗುಮುರುಗಾಗಿ ಅಂಟಿಕೊಂಡಿದ್ದವು. ಕಿಟಕಿಯ ಬಿಸಿಲು ಮೇಜಿನುದ್ದಕ್ಕೂ ಮೆಲ್ಲನೆ ತೆವಳಿ ಅವರ ಕಣ್ಣಿಗೆ ಬಂತು.

"ಅಮ್ಮಾ, ಇನ್ನೈದೇ ನಿಮಿಷ..." ಎಂದು ಅವರು ಕನವರಿಸಿದರು.

ಅವಳ ಕೈ ತಾನಾಗಿಯೇ ಮೇಲೆದ್ದಿತು. ಪತ್ರದ ನೆರಳು ಅವರ ರೆಪ್ಪೆಗಳ ಮೇಲೆ ಬಿತ್ತು. ಹೊರಗೆ ಯಂತ್ರದ ಸದ್ದು ತೊಟ್ಟಿಲಿನಂತೆ ಹೋಗಿ ಬರುತ್ತಿತ್ತು.

ಬೈಂಡಿಂಗಿನವನು ಬಾಗಿಲಲ್ಲಿ ಇಣುಕಿ, "ಏನಕ್ಕಾ, ಮುಖಕ್ಕೆ ಬಿಸಾಕಿದ್ರಾ?" ಎಂದು ಪಿಸುಗುಟ್ಟಿದ.

"ಶ್! ಇನ್ನೂ ಎರಡು ನಿಮಿಷ ಇದೆ," ಎಂದವಳು, ನೋಯುತ್ತಿದ್ದ ಕೈಯಿಂದ ಪತ್ರವನ್ನು ಇನ್ನೊಂದು ಕೈಗೆ ದಾಟಿಸಿದಳು. ನೆರಳು ಕದಲಲಿಲ್ಲ.