ಹಿಡಿಯದ ಬ್ರೇಕು

“ತಪ್ಪು ತಿಳ್ಕೋಬೇಡಿ ಸಾರ್. ಬ್ರೇಕ್ ಚೆನ್ನಾಗೇ ಇದೆ. ಮೇಡಂ ಸ್ವಲ್ಪ ಗಾಬರಿ ಮಾಡ್ಕೋತಾರೆ, ಅಷ್ಟೆ,” ಎಂದ ಕುಮಾರಸ್ವಾಮಿ. ಅರಸೀಕೆರೆಯ ಆ ಕಾರ್ ಷೋರೂಮಿನಲ್ಲಿ ಅವನು ಸರ್ವಿಸ್ ಮ್ಯಾನೇಜರ್. ಮಾತನಾಡಿದ್ದು ಶ್ರೀಪಾಲನೊಂದಿಗೆ. ಪಕ್ಕದ ಕುರ್ಚಿಯಲ್ಲೇ ಕೂತಿದ್ದ ವಂದನಾಳ ಕಡೆ ತಿರುಗಿಯೂ ನೋಡಲಿಲ್ಲ.

ಕಾರನ್ನು ಅಲ್ಲಿ ಸರ್ವಿಸಿಗೆ ಬಿಟ್ಟು ಬ್ರೇಕಿನ ಕೆಲಸ ಮಾಡಿಸಿಕೊಂಡು ಹಳೇಬೀಡಿಗೆ ಮರಳಿದ ಮರುದಿನದಿಂದಲೇ ವಂದನಾ ಹೇಳುತ್ತಿದ್ದಳು: ಒಮ್ಮೊಮ್ಮೆ ಪೆಡಲ್ ಒತ್ತಿದರೆ ಹಿಡಿಯುವುದೇ ಇಲ್ಲ, ಕಾಲಿನ ಜೊತೆಗೇ ಒಳಕ್ಕೆ ಇಳಿದುಬಿಡುತ್ತದೆ. ಜಾವಗಲ್‌ನ ಬ್ಯಾಂಕಿನ ಕೆಲಸಕ್ಕೆ ದಿನವೂ ಆ ಕಾರಿನಲ್ಲಿ ಹೋಗಿಬರುವವಳು ಅವಳೇ. ಪೇಂಟ್ ಅಂಗಡಿ ಇಟ್ಟಿದ್ದ ಶ್ರೀಪಾಲ್ ಸ್ಟಿಯರಿಂಗ್ ಹಿಡಿಯುತ್ತಿದ್ದುದು ನೆಂಟರ ಮನೆಗೆ ಹೋಗುವಾಗ ಮಾತ್ರ. ಅವಳು ಎರಡು ಸಲ ಒಬ್ಬಳೇ ಷೋರೂಮಿಗೆ ಬಂದು ದೂರಿದ್ದಳು. ಎರಡು ಸಲವೂ ಅವರು ಕಾರು ತೊಳೆದು, ಎಲ್ಲ ಸರಿಯಿದೆ ಎಂದು ಕೀ ಕೈಗೆ ಕೊಟ್ಟಿದ್ದರು. ಕೊನೆಗೆ ಗಂಡನಿಗೆ, “ನೀವೂ ಬನ್ನಿ. ಗಂಡಸರು ಹೇಳಿದ್ರೆ ಕೇಳ್ತಾರೇನೋ,” ಎಂದಿದ್ದಳು. ಹಾಗೆ ಹೇಳಬೇಕಾಗಿ ಬಂದದ್ದಕ್ಕೇ ಅವಳ ಮುಖ ಸಣ್ಣದಾಗಿತ್ತು. “ನಡಿ, ಕೆಲಸ ಮುಗಿಯೋವರೆಗೂ ಅಲ್ಲಿಂದ ಏಳೋದೇ ಇಲ್ಲ,” ಎಂದು ಶ್ರೀಪಾಲ್ ಜೋರಾಗಿಯೇ ಹೊರಟಿದ್ದ.

ಆದರೆ ಒಳಗೆ ಏಸಿ ತಣ್ಣಗಿತ್ತು, ಕಾಫಿ ಬಂತು. ಅವನ ಅಂಗಡಿ ಕುಮಾರಸ್ವಾಮಿಗೆ ಗೊತ್ತಿತ್ತು. “ಹಳೇಬೀಡಲ್ಲಿ ನಿಮ್ಮನ್ನ ಯಾರು ಅರೀದೋರು ಸಾರ್!” ಎಂದ. ಆಮೇಲೆ ಧ್ವನಿ ತಗ್ಗಿಸಿ, “ನಿಮಗೆ ಗೊತ್ತಿರೋದೇ. ಲೇಡೀಸು ಬ್ರೇಕ್ ಮೇಲೇ ಕಾಲಿಟ್ಕೊಂಡು ಓಡಿಸ್ತಾರೆ. ಗಾಡಿ ಏನ್ ಮಾಡುತ್ತೆ ಪಾಪ?” ಎಂದು ನಕ್ಕ. ಆಚೆ ಮೇಜಿನಲ್ಲಿದ್ದ ಇಬ್ಬರೂ ನಕ್ಕರು.

ಶ್ರೀಪಾಲನಿಗೂ ನಗು ಬಂತು. “ಅದೂ ನಿಜಾನೇ ಬಿಡ್ರಿ. ಹಂಪ್ ಕಂಡ್ರೆ ಸಾಕು, ಒಂದು ಫರ್ಲಾಂಗ್ ಮೊದಲೇ ಒತ್ತಿ ಹಿಡೀತಾಳೆ ಇವಳು,” ಎಂದುಬಿಟ್ಟ. ಯಾಕೆ ಹಾಗೆಂದೆನೆಂದು ಅವನಿಗೇ ತಿಳಿಯಲಿಲ್ಲ. ನಾಲ್ಕು ಜನ ನಗುವಾಗ ತಾನೊಬ್ಬ ಬಿಗಿದುಕೊಂಡು ಕೂರುವುದು ಚೆನ್ನಾಗಿರುವುದಿಲ್ಲ ಅನ್ನಿಸಿತ್ತು, ಅಷ್ಟೆ. ವಂದನಾ ಕುಡಿಯದ ಕಾಫಿಯನ್ನು ಮೇಜಿನ ಮೇಲಿಟ್ಟು ಎದ್ದಳು. ಹೊರಗೆ ಬಂದು ಕೀಯನ್ನು ಅವನ ಕೈಗೆ ಹಾಕಿ, ತಾನು ಹಿಂದಿನ ಸೀಟಿನಲ್ಲಿ ಕೂತಳು.

ಕಾರು ಜಾವಗಲ್ ದಾಟಿತು. “ಸುಮ್ನೆ ತಮಾಷೆಗೆ ಅಂದೆ ಕಣೇ,” ಎಂದು ಅವನೇ ಒಮ್ಮೆ ಹೇಳಿ ನೋಡಿದ. ಅವಳು ಕಿಟಕಿಯ ಗಾಜು ಇಳಿಸಿದಳು. ಮುಂದೆ ಇಳಿಜಾರಿನ ತಿರುವಿನಲ್ಲಿ ಒಂದು ಕುರಿಮಂದೆ ರಸ್ತೆ ದಾಟುತ್ತಿತ್ತು. ಶ್ರೀಪಾಲ್ ಬ್ರೇಕ್ ಒತ್ತಿದ. ಪೆಡಲ್ ಕೆಸರಿನಲ್ಲಿ ಕಾಲಿಟ್ಟಂತೆ ಒಳಕ್ಕೆ ಹೋಯಿತು. ಮತ್ತೆ ಒತ್ತಿದ. ಕಾರು ನಿಲ್ಲಲಿಲ್ಲ. “ಹ್ಯಾಂಡ್‌ಬ್ರೇಕ್! ಹ್ಯಾಂಡ್‌ಬ್ರೇಕ್ ಎಳೀರಿ!” ಎಂದು ವಂದನಾ ಹಿಂದಿನಿಂದ ಕೂಗಿದಳು. ಅವನು ಎಳೆದ. ಕಾರು ಸರ್ರನೆ ಜಾರಿ, ಅಂಚಿನಲ್ಲಿದ್ದ ಒಂದು ಮರಿಗೆ ತಾಗಿ, ಚರಂಡಿಗಿಳಿದು ನಿಂತಿತು.

ಕುರಿ ಕಾಯುತ್ತಿದ್ದ ಮುದುಕ ಹನುಮಯ್ಯ ಕೋಲು ಹಿಡಿದು ಓಡಿಬಂದ. “ಏನ್ರೀ, ಕಣ್ ಕಾಣಾಕಿಲ್ವಾ? ಓಡ್ಸಕ್ ಬರ್ದೆ ಇದ್ಮೇಲೆ ಯಾಕ್ರೀ ಗಾಡಿ ರೋಡಿಗ್ ತತ್ತೀರಾ?”

“ಬ್ರೇಕ್ ಹಿಡೀಲಿಲ್ಲ...” ಶ್ರೀಪಾಲ್ ಬಾಗಿಲು ತೆರೆದು ಇಳಿದ.

“ಎಲ್ರೂ ಇದ್ನೇ ಹೇಳಾದು!” ಎಂದ ಹನುಮಯ್ಯ.

ಅಷ್ಟರಲ್ಲಿ ವಂದನಾ ಇಳಿದು, ಕುಂಟುತ್ತಿದ್ದ ಮರಿಯನ್ನು ಎತ್ತಿಕೊಂಡಿದ್ದಳು. “ಇಲ್ಲ ಅಜ್ಜ, ಅವರು ಸುಳ್ಳು ಹೇಳ್ತಿಲ್ಲ. ನಿಧಾನವಾಗೇ ಬರ್ತಿದ್ರು. ಬ್ರೇಕೇ ಕೆಟ್ಟಿದೆ,” ಎಂದಳು. ಮುದುಕ ಅವಳ ಮುಖ ನೋಡಿ ಕೋಲು ಇಳಿಸಿದ. ಅವಳು ಅಲ್ಲೇ ಕೂತು, ತನ್ನ ವೇಲಿನ ಅಂಚು ಹರಿದು ಮರಿಯ ಕಾಲಿಗೆ ಸುತ್ತತೊಡಗಿದಳು. ಶ್ರೀಪಾಲನಿಗೆ ತಲೆ ಎತ್ತಲಾಗಲಿಲ್ಲ. ಮುದುಕ ಇನ್ನಷ್ಟು ಬೈದಿದ್ದರೂ ತಡೆದುಕೊಳ್ಳಬಹುದಿತ್ತು. ಅವಳ ಆ ಮಾತನ್ನು ತಡೆದುಕೊಳ್ಳಲಾಗಲಿಲ್ಲ.

ಅವನು ಫೋನನ್ನು ಬಾನೆಟ್ ಮೇಲಿಟ್ಟು, ಸ್ಪೀಕರ್ ಹಾಕಿ, ಷೋರೂಮಿಗೆ ಕರೆ ಮಾಡಿದ. ನಡೆದದ್ದನ್ನು ಹೇಳಿದ.

“ಅಯ್ಯೋ,” ಎಂದ ಕುಮಾರಸ್ವಾಮಿ. “ಯಾರು ಓಡಿಸ್ತಿದ್ರು ಸಾರ್? ಮೇಡಮ್ಮಾ?”

ವಂದನಾಳ ಕೈ ಒಂದು ಗಳಿಗೆ ನಿಂತಿತು.

“ಇಲ್ಲ. ನಾನೇ.”

“ನೀವಾ? ಹಂಗಾದ್ರೆ ಗಾಡೀಲೇ ಏನೋ ಪ್ರಾಬ್ಲಂ ಇದೆ ಸಾರ್! ಬ್ರೇಕ್ ಲೈನಲ್ಲಿ ಗಾಳಿ ಸೇರ್ಕೊಂಡಿರಬೇಕು. ಕೆಲಸ ಮಾಡ್ದಾಗ ನಮ್ಮೋರು ಅದನ್ನ ಸರಿಯಾಗಿ ತೆಗೆದಿಲ್ಲ ಅನ್ಸುತ್ತೆ. ಅಲ್ಲೇ ಇರಿ, ಈಗಲೇ ಗಾಡಿ ಕಳಿಸ್ತೀನಿ. ತುಂಬಾ ಸಾರಿ ಸಾರ್.”

“ಇದನ್ನೇ ಅವಳು ಅವತ್ತಿಂದ ಹೇಳ್ತಿದ್ದಿದ್ದು,” ಎಂದು ಶ್ರೀಪಾಲ್ ಬಾಯಿ ಬಿಡುವಷ್ಟರಲ್ಲಿ ಫೋನು ಕಟ್ಟಾಗಿತ್ತು.